ಹಕ್ಕಿ ನೋಡಲು ಪರದೇಶಕ್ಕೇಕೆ?

ಪಿ.ಯು. ತರಗತಿಯಲ್ಲಿದ್ದಾಗ ನಮ್ಮ ಪದ್ಯಪಾಠವೊಂದರಲ್ಲಿ ಚಕ್ರವಾಕದ ಮಾತು ಬಂದಿತು. ರಾತ್ರಿಯಾಯಿತೆಂದರೆ ಗಂಡು ಹೆಣ್ಣುಗಳು ಹೊಳೆಯ ಆಚೆ ಈಚೆ ದಡಗಳಲ್ಲಿ ಅಗಲಿ ನಿಂತು, ಬೆಳಗಾಗುವ ತನಕ ಒಂದನ್ನೊಂದು ಕರೆಯುತ್ತಿರುತ್ತವೆಂದು ಕವಿಗಳ ನಂಬಿಕೆ. ಇಷ್ಟು ದುಃಖಪಡುವ ಈ ಪ್ರಾಣಿ ಯಾವುದೆಂದು ಶಬ್ದಾರ್ಥದ ಪಟ್ಟಿಯಲ್ಲಿ ಹುಡುಕಿದರೆ, 'ಒಂದು ಜಾತಿಯ ಪಕ್ಷಿ' ಎಂದಿತ್ತು. ನಾನು ಅದನ್ನೇ ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಪೂರ್ಣ ಅಂಕವನ್ನೂ ಪಡೆದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪುಸ್ತಕದಲ್ಲಿ ಅಚ್ಚಾದದ್ದು ಅಪೂರ್ಣವಾಗಿರಬಹುದೆಂಬ ಸಂಶಯವೇ ನನಗೆ ಆಗ ಹುಟ್ಟಲಿಲ್ಲ.

ಎರಡು ವರ್ಷದ ಹಿಂದೆ ಮಾಗಿಯ ಚಳಿಯಲ್ಲಿ ನಮ್ಮ ಭೂಗೋಳದ ಅಧ್ಯಾಪಕರು ಏಳೆಂಟು ಜನರನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದೊಯ್ದರು. ಒಂದೇ ದುರ್ಬೀನು, ಎಂಟು ಜನ. ನನ್ನ ಪಾಳಿ ಬಂದಾಗ ನೀರಿನಂಚಿನಲ್ಲಿ ಕಾವಿ ಬಣ್ಣದ ಮೈ, ಮಸುಕು ಬಿಳಿಯ ತಲೆಯ ಎರಡು ಬಾತುಗಳು ಕಂಡವು. "ಇದಪ್ಪಾ, ನಿಮ್ಮ ಕವಿಗಳ ಚಕ್ರವಾಕ" ಎಂದರು ಅಧ್ಯಾಪಕರು. ನನಗೆ ಮೊದಲು ಸಂತೋಷವಾಯಿತು, ಆಮೇಲೆ ನಾಚಿಕೆಯಾಯಿತು. ಆ ಹಕ್ಕಿಯನ್ನು ನಾನು ಚಿಕ್ಕಂದಿನಿಂದಲೂ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವಾಗ ನೋಡಿದ್ದೆ. ಕಣ್ಣಿಗೆ ಗೊತ್ತಿದ್ದ ಹಕ್ಕಿಗೂ ಪುಸ್ತಕದಲ್ಲಿದ್ದ ಹೆಸರಿಗೂ ಹದಿನೆಂಟು ವರ್ಷ ಭೇಟಿಯೇ ಆಗಿರಲಿಲ್ಲ.

ಅಂದಿನಿಂದ ಹಿಡಿದ ಹುಚ್ಚು ಇಂದು ನನ್ನನ್ನು ಒಂದು ವಿಚಿತ್ರವಾದ ವಾದಕ್ಕೆ ತಂದು ನಿಲ್ಲಿಸಿದೆ. ಹಕ್ಕಿಗಳನ್ನು ನೋಡಲು ಹೊಸದಾಗಿ ಕಲಿತ ನಮ್ಮಂಥ ವಿದ್ಯಾರ್ಥಿಗಳು ವಸಂತದ ಆರಂಭದಲ್ಲಿ ಒಮ್ಮೆ ಪರದೇಶಕ್ಕೆ ಹೋಗಿಬರಬೇಕು ಎಂಬುದು ಆ ವಾದ. ವಾಚಕರು ನಗುವ ಮೊದಲು ಪೂರ್ತಿ ಓದಬೇಕೆಂದು ಬೇಡುತ್ತೇನೆ. ಯಾಕೆಂದರೆ ನಗುವವರೆಲ್ಲ ಈಗಾಗಲೇ ನಕ್ಕಾಗಿದೆ.

ಮೊದಲು ನಕ್ಕವರು ನಮ್ಮ ಅಪ್ಪ. "ಏನಪಾ, ಹಕ್ಕಿ ನೋಡಾಕ ಪರದೇಶಕ್ಕ ಹೋಗ್ತಿ? ನಮ್ಮ ಹೊಲಕ್ಕ ಬಾ, ರಾತ್ರಿ ಬಂದು ಕಡ್ಲಿ ಮೇದು ಹೋಗ್ತಾವಲ್ಲ, ಅವನ್ನ ನೋಡು. ನೋಡಿದಾಂಗೂ ಆತು, ಕಾದಾಂಗೂ ಆತು" ಎಂದರು. ಹಾಸ್ಟೆಲಿನ ಮಿತ್ರರು, "ಹಕ್ಕಿ ನೋಡುವುದು ಸಾಹೇಬರ ಶೋಕಿ, ಕೊರಳಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾ ಇಲ್ಲದವನಿಗೆ ಅದೇಕೆ?" ಎಂದರು. ಒಬ್ಬ ಹಿರಿಯರು, "ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನೀನೇ ಉದಾಹರಣೆ" ಎಂದರು. ಮೂರೂ ಗಟ್ಟಿ ಆಕ್ಷೇಪಗಳೇ. ಒಂದೊಂದಕ್ಕೂ ನನಗೆ ತಿಳಿದಷ್ಟು ಉತ್ತರ ಕೊಡಲು ಯತ್ನಿಸುತ್ತೇನೆ.

ಹಿತ್ತಲ ಗಿಡದ ಮಾತನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ಹಿತ್ತಲಲ್ಲಿರುವ ಗಿಡ ಸಾಮಾನ್ಯದ್ದಲ್ಲ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಸೇರ್ಪಡೆಯಾಯಿತು. ಅದಕ್ಕೆ ಆ ಕೀರ್ತಿ ಬಂದದ್ದು ಮುಖ್ಯವಾಗಿ ಪಟ್ಟೆತಲೆಯ ಹೆಬ್ಬಾತಿನಿಂದ. ಚಳಿಗಾಲದಲ್ಲಿ ಸಾವಿರಾರು ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಹಗಲೆಲ್ಲ ನೀರಿನಲ್ಲಿ, ರಾತ್ರಿ ಸುತ್ತಲಿನ ಹೊಲಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆದುದರಿಂದ ಆರಂಭ ಇಲ್ಲಿಯೇ ಆಗಬೇಕು ಎಂಬುದರಲ್ಲಿ ನನಗೂ ಹಿರಿಯರಿಗೂ ಭೇದವಿಲ್ಲ. ನಾನು ಒಂದು ವರ್ಷ ಪ್ರತಿ ಭಾನುವಾರ ಕೆರೆಗೆ ಹೋಗಿ, ನೂರು ಪುಟದ ನೋಟುಬುಕ್ಕಿನಲ್ಲಿ ಅರವತ್ತಮೂರು ಬಗೆಯ ಹಕ್ಕಿಗಳನ್ನು ಬರೆದುಕೊಂಡೆ. ಅದರಲ್ಲಿ ಐದಾರು ಖಂಡಿತ ತಪ್ಪಾಗಿವೆ. ಅವನ್ನು ಹೊಡೆದುಹಾಕಿಲ್ಲ; ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿ ಇಟ್ಟಿದ್ದೇನೆ.

ಆದರೆ ಶಿವರಾತ್ರಿಯ ಹೊತ್ತಿಗೆ ಕೆರೆ ಬರಿದಾಗತೊಡಗುತ್ತದೆ. ಇಂದು ಇದ್ದ ಗುಂಪು ನಾಳೆ ಇಲ್ಲ. ಎಲ್ಲಿ ಹೋದವು? ಪುಸ್ತಕ ಹೇಳುತ್ತದೆ: 'ಉತ್ತರಕ್ಕೆ'. ಇದೂ 'ಒಂದು ಜಾತಿಯ ಪಕ್ಷಿ' ಎಂಬಂಥದೇ ಉತ್ತರ. ಹಕ್ಕಿಯ ಅರ್ಧ ಜೀವನ ನಮ್ಮ ಕೆರೆಯಲ್ಲಿದೆ, ಇನ್ನರ್ಧ ಗಡಿಯಾಚೆ ಇದೆ. ಪರದೇಶದ ಯೋಚನೆ ಬಂದದ್ದು ಇಲ್ಲಿಂದ. ಹೊಸ ಹಕ್ಕಿಗಳನ್ನು ಎಣಿಸುವ ಆಸೆ ನನಗಿಲ್ಲವೆಂದರೆ ಸುಳ್ಳಾದೀತು. ಆದರೆ ಹಳೆಯ ಪರಿಚಯದವರನ್ನು ಅವರ ದಾರಿಯಲ್ಲಿ ಕಾಣುವ ಆಸೆ ಅದಕ್ಕಿಂತ ದೊಡ್ಡದು. ಹೊಸಬನು ಪರದೇಶಕ್ಕೆ ಹೋಗುವುದಾದರೆ ತನಗೆ ಗೊತ್ತಿರುವ ಹಕ್ಕಿಯ ಬೆನ್ನುಹತ್ತಿ ಹೋಗಬೇಕು. ನನ್ನ ವಾದದ ತಿರುಳು ಇಷ್ಟೆ.

ಎಲ್ಲಿಗೆ ಎಂಬುದು ಮುಂದಿನ ಪ್ರಶ್ನೆ. ಭೂತಾನಿನ ಕಾಡುಗಳ ಕೀರ್ತಿ ಕೇಳಿದ್ದೆ. ಆದರೆ ಅಲ್ಲಿ ಭಾರತೀಯ ಪ್ರವಾಸಿ ದಿನಕ್ಕೆ 1,200 ರೂಪಾಯಿಯಂತೆ ಶುಲ್ಕವನ್ನೇ ಕೊಡಬೇಕು. ಆರು ದಿನಕ್ಕೆ 7,200 ರೂಪಾಯಿ. ಊಟ ವಸತಿ ಬೇರೆ. ಆ ದೇಶ ತನ್ನ ಕಾಡನ್ನು ಕಾಯಲು ಮಾಡಿದ ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ, ನನ್ನ ಜೇಬು ಆಕ್ಷೇಪಿಸುತ್ತದೆ. ಶ್ರೀಲಂಕೆಗೆ ಪಾಸ್‌ಪೋರ್ಟು ಬೇಕು, ಸಮುದ್ರ ದಾಟುವ ಖರ್ಚು ಬೇಕು. ಅದೂ ಅಲ್ಲದೆ ನಮ್ಮ ಹೆಬ್ಬಾತಿನ ದಾರಿ ಇರುವುದು ಉತ್ತರಕ್ಕೆ. ಉಳಿದದ್ದು ನೇಪಾಳ. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟು ಇಲ್ಲದಿದ್ದರೆ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಆಧಾರ್ ಒಂದನ್ನೇ ನಂಬಿ ಮಾತ್ರ ಹೊರಡಬಾರದು. ಮತ ಹಾಕುವ ಚೀಟಿಯಿಂದ ಒಂದು ದೇಶದ ಗಡಿಯನ್ನೇ ದಾಟಬಹುದೆಂಬುದು ನಮ್ಮ ತರಗತಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ನೂರು ರೂಪಾಯಿಗೆ ಅಲ್ಲಿ ನೂರಾ ಅರವತ್ತು ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ. ಗಡಿಯಾರವನ್ನು ಮಾತ್ರ ಹದಿನೈದು ನಿಮಿಷ ಮುಂದಿಟ್ಟುಕೊಳ್ಳಬೇಕು.

ನೇಪಾಳ ಎಂದು ನಿಶ್ಚಯವಾದ ಕೂಡಲೇ ನಾನೂ ಇಬ್ಬರು ಮಿತ್ರರೂ ಮೊದಲ ಯೋಜನೆ ಬರೆದೆವು. ಆರು ದಿನದಲ್ಲಿ ಕಾಠ್ಮಂಡುವಿನ ಹತ್ತಿರದ ಫೂಲ್ಚೋಕಿ ಬೆಟ್ಟ, ಚಿತವನದ ಕಾಡು, ಸಾರಸಗಳಿಗಾಗಿ ಲುಂಬಿನಿ, ಕೊನೆಗೆ ಕೋಶಿ ನದಿ. ನೋಡತಕ್ಕ ಹಕ್ಕಿಗಳು ಇನ್ನೂರ ಹನ್ನೆರಡು! ಅಧ್ಯಾಪಕರು ಕಾಗದವನ್ನು ನೋಡಿ ನಗಲಿಲ್ಲ. "ಇದರಲ್ಲಿ ಬಸ್ಸಿನೊಳಗೆ ಕೂತಿರುವ ತಾಸು ಎಷ್ಟು, ಹಕ್ಕಿಯ ಮುಂದೆ ನಿಂತಿರುವ ತಾಸು ಎಷ್ಟು, ಲೆಕ್ಕ ಹಾಕಿ ತನ್ನಿ" ಎಂದರು. ಲೆಕ್ಕ ಹಾಕಿದೆವು. ಬಸ್ಸೇ ಗೆದ್ದಿತು. ನೇಪಾಳದಲ್ಲಿ ಸುಮಾರು ಒಂಬೈನೂರು ಬಗೆಯ ಹಕ್ಕಿಗಳಿವೆ. ಅವನ್ನೆಲ್ಲ ಹಿಡಿಯಲು ಹೋದವನಿಗೆ ಒಂದೂ ಸಿಕ್ಕದು. ಮೂರು ಸ್ಥಳಗಳನ್ನು ಹೊಡೆದುಹಾಕಿ ಒಂದನ್ನೇ ಉಳಿಸಿದೆವು: ಕೋಶಿ ಟಪ್ಪು. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದರು. ನಾವು ಕೋಶಿಯನ್ನೇ ಓದಲು ನಿಶ್ಚಯಿಸಿದೆವು.

ಕೋಶಿ ಎಂಬುದು ಹಿಮಾಲಯದಿಂದ ಇಳಿದು ಬಿಹಾರದಲ್ಲಿ ಗಂಗೆಯನ್ನು ಸೇರುವ ದೊಡ್ಡ ನದಿ. ಪಾತ್ರ ಬದಲಿಸುವ ಚಟದಿಂದ 'ಬಿಹಾರದ ಕಣ್ಣೀರು' ಎಂಬ ಹೆಸರು ಪಡೆದಿದೆ. 1954ರಲ್ಲಿ ಭಾರತ ನೇಪಾಳಗಳು ಮಾಡಿಕೊಂಡ ಒಪ್ಪಂದದಂತೆ ಗಡಿಯ ಹತ್ತಿರ ಅದಕ್ಕೆ ಐವತ್ತಾರು ಬಾಗಿಲುಗಳ ಬ್ಯಾರೇಜನ್ನು, ಎರಡು ಕಡೆಗೂ ಒಡ್ಡುಗಳನ್ನು ಕಟ್ಟಿದರು. ಬ್ಯಾರೇಜಿನ ಮೇಲ್ಭಾಗದಲ್ಲಿ ಒಡ್ಡುಗಳ ನಡುವೆ ಮರಳುದಿಣ್ಣೆ, ಜೌಗು, ಹುಲ್ಲುಗಾವಲುಗಳು ಹರಡಿದವು. ಅಲ್ಲಿ 1976ರಲ್ಲಿ ಅರ್ನಾ ಎಂಬ ಕಾಡೆಮ್ಮೆಗಳನ್ನು ಉಳಿಸಲು ರಕ್ಷಿತಾರಣ್ಯ ಮಾಡಿದರು. ಇಂದು ಅದರ ವಿಸ್ತಾರ 175 ಚದರ ಕಿಲೋಮೀಟರು. 1987ರಲ್ಲಿ ಅದು ನೇಪಾಳದ ಮೊದಲನೆಯ ರಾಮ್ಸಾರ್ ತಾಣವಾಯಿತು. ನಮ್ಮ ಮಾಗಡಿಗೆ ಮೂವತ್ತೇಳು ವರ್ಷ ದೊಡ್ಡಣ್ಣ ಎನ್ನಬಹುದು.

ವಸಂತದ ಆರಂಭವೇ ಏಕೆ? ಪುಷ್ಯ ಮಾಘಗಳಲ್ಲಿ ಆ ತರಾಯಿ ಬಯಲನ್ನು ಮಂಜು ಮುಚ್ಚಿರುತ್ತದೆ. ಹತ್ತು ಗಂಟೆಯಾದರೂ ಹತ್ತು ಮಾರಿನಾಚೆ ಕಾಣದ ದಿನಗಳುಂಟು. ಚೈತ್ರ ಕಳೆದರೆ ಧೂಳೆಬ್ಬಿಸುವ ಬಿಸಿಗಾಳಿ, ಗುಡುಗು ಮಳೆ. ಫೆಬ್ರವರಿಯ ಕೊನೆಯಿಂದ ಮಾರ್ಚಿಯವರೆಗಿನ ಕೆಲವು ವಾರಗಳು ಮಾತ್ರ ಎರಡು ಋತುಗಳ ಸಂಧಿ. ದಕ್ಷಿಣದಿಂದ ಹಿಂದಿರುಗುವ ಬಾತುಗಳು ಬೆಟ್ಟ ಏರುವ ಮುನ್ನ ಅಲ್ಲಿ ನಿಂತು ಮೇಯುತ್ತವೆ. ಊರಿನ ಹಕ್ಕಿಗಳು ಆಗಲೇ ಹಾಡಲು ತೊಡಗಿರುತ್ತವೆ. ಬೂರುಗದ ಮರಗಳು ಎಲೆಯುದುರಿಸಿ ಕೆಂಪು ಹೂ ಬಿಟ್ಟಿರುತ್ತವೆ. ಮಕರಂದಕ್ಕೆಂದು ಗೊರವಂಕ, ಕಾಜಾಣಗಳು ಬಂದು ಕೂರುತ್ತವೆ. ಎಲೆಯಿಲ್ಲದ ಮರದಲ್ಲಿ ಹೊಸಬನಿಗೂ ಹಕ್ಕಿ ಕಾಣುತ್ತದೆ.

ಮುಂದೆ ಆ ಹಕ್ಕಿಗಳು ಏರಬೇಕಾದ ಬೆಟ್ಟವಾದರೂ ಎಂಥದು! ಪಟ್ಟೆತಲೆಯ ಹೆಬ್ಬಾತುಗಳ ಮೈಮೇಲೆ ಸಣ್ಣ ಯಂತ್ರ ಕಟ್ಟಿ, ಉಪಗ್ರಹದ ಮೂಲಕ ಅವುಗಳ ದಾರಿ ಹಿಡಿದ ವಿಜ್ಞಾನಿಗಳು 2011ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹೆಬ್ಬಾತು ಹಿಮಾಲಯವನ್ನು ಏಳೆಂಟು ತಾಸಿನಲ್ಲಿ ಏರುತ್ತದೆ. ಬೆನ್ನಿಗೆ ಗಾಳಿಯ ಸಹಾಯ ಸಿಗುವ ಹಗಲು ಹೊತ್ತನ್ನು ಬಿಟ್ಟು, ಗಾಳಿ ತಣ್ಣಗೆ ಸಾಂದ್ರವಾಗಿರುವ ರಾತ್ರಿಯಲ್ಲಿ, ನಸುಕಿನಲ್ಲಿ, ಸ್ವಂತ ರೆಕ್ಕೆಯ ಬಲದಿಂದಲೇ ಏರುತ್ತದೆ. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ಆಮೇಲೆ ದಾಖಲಾಗಿದೆ. ಆದರೆ ಅದು ಅಪರೂಪ, ಸಾಮಾನ್ಯವಾಗಿ ಅವು ಕಣಿವೆಗಳನ್ನು ಹಿಡಿದು ನೆಲದ ಏರಿಳಿತಕ್ಕೆ ತಕ್ಕಂತೆ ಹಾರುತ್ತವೆ. ನಮ್ಮ ಹೊಲದ ಕಡಲೆ ತಿಂದ ಶಕ್ತಿ ಎಲ್ಲಿ ಖರ್ಚಾಗುತ್ತದೆಂದು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಕಡ್ಲಿ ದಂಡ ಆಗಿಲ್ಲ ಬಿಡು" ಎಂದರು. ಮರುಕ್ಷಣವೇ, "ಆದರ ರೊಕ್ಕ ಯಾರು ಕೊಡ್ತಾರ?" ಎಂದೂ ಕೇಳಿದರು.

ನಮ್ಮ ಯೋಜನೆಯನ್ನು ಇಲ್ಲಿ ಸಂಕ್ಷೇಪವಾಗಿ ಕೊಡುತ್ತೇನೆ. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್ ಪಾಟ್ನಾದ ಬಳಿಯ ದಾನಾಪುರಕ್ಕೆ ಸುಮಾರು ಎರಡು ದಿನದ ಪಯಣ. ಅಲ್ಲಿಂದ ಕಟಿಹಾರದ ಮೇಲೆ ಗಡಿಯ ಜೋಗಬನಿ. ಗಡಿ ದಾಟಿದರೆ ವಿರಾಟನಗರ. ಅಲ್ಲಿಂದ ಬಸ್ಸಿನಲ್ಲಿ ಇಟಹರಿಯ ಮೂಲಕ ಪಶ್ಚಿಮಕ್ಕೆ ಹೋದರೆ ಕೋಶಿ. ಹೋಗಿಬರುವುದೂ ಸೇರಿ ಹನ್ನೆರಡು ದಿನ. ಮೂವರು ಹಂಚಿಕೊಂಡರೆ ತಲೆಗೆ ಹದಿನಾಲ್ಕು ಸಾವಿರ ರೂಪಾಯಿ ಎಂಬುದು ನಾವು ಹಾಕಿಕೊಂಡ ಲೆಕ್ಕ.

ಅಲ್ಲಿ ನಾಲ್ಕು ದಿನ. ಮೊದಲನೆಯ ದಿನ ಬ್ಯಾರೇಜಿನ ಮೇಲ್ಭಾಗದ ನೀರು: ಹೆಬ್ಬಾತು, ಚಕ್ರವಾಕ, ಸೂಜಿಬಾಲದ ಬಾತು ಮುಂತಾದ ಪರಿಚಿತರು. ಎರಡನೆಯ ದಿನ ಪೂರ್ವದ ಒಡ್ಡಿನ ಮೇಲೆ ನಡಿಗೆ. ಇಲ್ಲೊಂದು ಸೂಕ್ಷ್ಮವಿದೆ. ಬೆಳಿಗ್ಗೆ ಪೂರ್ವದ ಒಡ್ಡಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಕಾಣುತ್ತದೆ. ಎದುರಿಗೆ ಸೂರ್ಯನಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ಮೂರನೆಯ ದಿನ ದೋಣಿ. ನಾಲ್ಕನೆಯ ದಿನ ಎಲ್ಲಿಗೂ ಹೋಗದೆ, ಮೂರು ದಿನದಲ್ಲಿ ಯಾವ ಜಾಗ ಹಿಡಿಸಿತೋ ಅಲ್ಲಿಯೇ ಬೆಳಗಿನಿಂದ ಸಂಜೆಯ ತನಕ ಕೂರುವುದು. ಈ ನಾಲ್ಕನೆಯ ದಿನಕ್ಕಾಗಿ ಮಿತ್ರರೊಡನೆ ನಾನು ಜಗಳವನ್ನೇ ಆಡಬೇಕಾಯಿತು.

ಹೊಸ ಹಕ್ಕಿಗಳ ಪಟ್ಟಿಯನ್ನು ಹನ್ನೆರಡಕ್ಕೆ ಇಳಿಸಿದ್ದೇವೆ. ಜೌಗಿನ ಹುಲ್ಲಿನಲ್ಲಿ ಬೆಳಗಿನ ಜಾವ ಕೂಗುವ ಗೌಜಲಹಕ್ಕಿ, ಅಡ್ಜುಟೆಂಟ್ ಎಂಬ ಬೋಳುತಲೆಯ ದೊಡ್ಡ ಕೊಕ್ಕರೆ ಅದರಲ್ಲಿವೆ. ಅಳಿವಿನಂಚಿನಲ್ಲಿರುವ ಬೆಂಗಾಲ್ ಫ್ಲೋರಿಕನ್ ಕಂಡರೆ ಭಾಗ್ಯ, ಕಾಣದಿದ್ದರೆ ಅದರ ಬೆನ್ನುಹತ್ತಿ ಹುಲ್ಲು ತುಳಿಯಬಾರದೆಂದು ಬರೆದುಕೊಂಡಿದ್ದೇವೆ. ದುರ್ಬೀನು ಎಂಟು ಪಟ್ಟಿನದು ಸಾಕು. ಹೆಚ್ಚು ಪಟ್ಟಿನದು ಹೊಸಬನ ಕೈಯಲ್ಲಿ ನಡುಗುತ್ತದೆ. ಮೊದಲೆರಡು ದಿನ ಅಲ್ಲಿಯ ಊರಿನವನೇ ಆದ ಮಾರ್ಗದರ್ಶಿಯನ್ನು ಕರೆದುಕೊಳ್ಳಲೇಬೇಕು. ಕಾಡೆಮ್ಮೆ, ಕಾಡಾನೆಗಳ ಜಾಗದಲ್ಲಿ ಒಂಟಿಯಾಗಿ ತಿರುಗುವುದು ಶೌರ್ಯವಲ್ಲ. ಮತ್ತೆ ನಮ್ಮ ಹಣದಲ್ಲಿ ಒಂದಿಷ್ಟು ಅಲ್ಲಿಯ ಮನೆಯೊಂದಕ್ಕೆ ಸೇರುವುದು ನ್ಯಾಯ.

ಈಗ 'ಸಾಹೇಬರ ಶೋಕಿ' ಎಂಬ ಆಕ್ಷೇಪಕ್ಕೆ ಬರುತ್ತೇನೆ. ಸಿದ್ಧತೆಯಿಲ್ಲದೆ ಹೋಗಿ, ಹಕ್ಕಿಯ ಹಿಂದೆ ಓಡಿ, ಚಿತ್ರ ತೆಗೆದು ಮರಳಿದರೆ ಅದು ಶೋಕಿಯೇ. ಆದರೆ ರೈತನ ಮಗ ಕೋಶಿಯಲ್ಲಿ ಕೇಳಬಹುದಾದ ಪ್ರಶ್ನೆಗಳು ಬೇರೆ ಇವೆ. ಆ ರಕ್ಷಿತಾರಣ್ಯ ಆದಾಗ ಅಲ್ಲಿದ್ದ ಹಳ್ಳಿಗಳನ್ನು ಎಬ್ಬಿಸಿದರು. ಇಂದಿಗೂ ಕಾಡೆಮ್ಮೆ, ಆನೆಗಳು ಒಡ್ಡು ದಾಟಿ ಬೆಳೆ ಮೇಯುತ್ತವೆ. 2008ರ ಆಗಸ್ಟಿನಲ್ಲಿ ಕುಸಹಾದ ಬಳಿ ಪೂರ್ವದ ಒಡ್ಡು ಒಡೆದು, ನದಿ ಪಾತ್ರ ಬದಲಿಸಿ, ನೇಪಾಳದಲ್ಲೂ ಬಿಹಾರದಲ್ಲೂ ಲಕ್ಷಾಂತರ ಜನ ಮನೆಮಾರು ಕಳೆದುಕೊಂಡರು. ನಾವು ಹಕ್ಕಿ ನೋಡಲು ನಡೆಯಬೇಕೆಂದಿರುವುದು ಅದೇ ಒಡ್ಡಿನ ಮೇಲೆ. ಬೆಳೆ ಮೇದುಹೋದ ಮರುದಿನ ಬೆಳಿಗ್ಗೆ ಹೊಲದಲ್ಲಿ ನಿಂತವನ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಅದು ನಮ್ಮ ಅಪ್ಪನ ಮುಖ. ಹಕ್ಕಿಯೂ ಬೇಕು, ಹೊಲವೂ ಬೇಕು ಎಂಬ ಸಂಕಟವನ್ನು ಅಲ್ಲಿಯವರು ಹೇಗೆ ನಿಭಾಯಿಸುತ್ತಿದ್ದಾರೆಂದು ಕೇಳಿ ತಿಳಿಯುವುದಕ್ಕೆ, ಅದನ್ನು ಮನೆಯಲ್ಲಿಯೇ ಉಂಡ ನಮ್ಮಂಥವರಿಗಿಂತ ತಕ್ಕವರು ಯಾರು? ಹಕ್ಕಿ ನೋಡುವ ವಿದ್ಯೆ ಹಣವಂತರ ಕೈಯಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಅವರು ಕಸಿದುಕೊಂಡದ್ದಲ್ಲ, ನಮಗಲ್ಲವೆಂದು ನಾವೇ ಬಿಟ್ಟುಕೊಟ್ಟದ್ದು.

ಕೊನೆಯದಾಗಿ ರೊಕ್ಕದ ಪ್ರಶ್ನೆ. ಇಲ್ಲಿ ನನ್ನ ವಾದ ಸೋಲುತ್ತದೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಲಗ್ನದ ಮನೆಗಳಲ್ಲಿ ಊಟ ಬಡಿಸಿ, ವಿದ್ಯಾರ್ಥಿವೇತನದಲ್ಲಿ ಮಿಗಿಸಿ, ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಕೂಡಿಸಿದ್ದೆ. ಈ ಫಾಲ್ಗುಣಕ್ಕೆ ಹೊರಡುವುದೆಂದಿತ್ತು. ಅಷ್ಟರಲ್ಲಿ ತಂಗಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಅವ್ವ ಕಿವಿಯ ಬೆಂಡೋಲೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಅಷ್ಟೆ. ನಾನು ಹಣ ತಂದು ಅವಳ ಮುಂದಿಟ್ಟೆ. ಮಿತ್ರರಿಬ್ಬರೂ "ನೀನಿಲ್ಲದೆ ನಾವು ಹೋಗುವುದಿಲ್ಲ" ಎಂದರು. ಫಾಲ್ಗುಣ ಬಂತು, ಮಾಗಡಿಯ ಹೆಬ್ಬಾತುಗಳು ಹೋದವು, ನಾವು ಏರಿಯ ಮೇಲೆ ನಿಂತು ನೋಡಿದೆವು. ಕೊಟ್ಟದ್ದಕ್ಕೆ ನನಗೆ ದುಃಖವಿಲ್ಲ. ಹೋಗಲಾಗದ್ದಕ್ಕೆ ದುಃಖವಿಲ್ಲವೆಂದು ಮಾತ್ರ ಹೇಳಲಾರೆ.

ಇದು ನಾನು ಈ ಕಾಲೇಜಿನಲ್ಲಿ ಕಳೆಯುವ ಕೊನೆಯ ವರ್ಷ. ಹನ್ನೆರಡು ದಿನದ ಪ್ರವಾಸ ಮುಂದೆ ನನಗೆ ಯಾವಾಗ ಕೂಡಿಬರುವುದೋ ತಿಳಿಯದು. ಆದುದರಿಂದ ಯೋಜನೆಯನ್ನು ಕಿರಿಯ ಮಿತ್ರರ ಕೈಗಿಡುತ್ತಿದ್ದೇನೆ. ಅದರ ಜೊತೆಗೆ ಕಾಲೇಜಿನ ಹಿರಿಯರಲ್ಲಿ ಎರಡು ವಿನಂತಿಗಳಿವೆ. ಒಂದು, ಗ್ರಂಥಾಲಯದಲ್ಲಿ ಪುಸ್ತಕ ಕೊಡುವಂತೆಯೇ ಸಹಿ ಹಾಕಿಸಿಕೊಂಡು ಕೊಡಲು ನಾಲ್ಕು ದುರ್ಬೀನುಗಳನ್ನು ಇಡಬೇಕು. ಎಂಟು ಜನಕ್ಕೆ ಒಂದೆಂಬ ಸ್ಥಿತಿ ತಪ್ಪಬೇಕು. ಎರಡು, ವರ್ಷವರ್ಷವೂ ನಡೆಯುವ ಶೈಕ್ಷಣಿಕ ಪ್ರವಾಸವನ್ನು ಒಮ್ಮೆಯಾದರೂ ಫಾಲ್ಗುಣದಲ್ಲಿ ಇಟ್ಟು, ಮೊದಲ ವರ್ಷವೆಲ್ಲ ಮಾಗಡಿಯಲ್ಲಿ ಕಲಿತ ಹತ್ತು ಜನರನ್ನು ಕೋಶಿಗೆ ಕಳುಹಿಸಬೇಕು. ಒಬ್ಬನ ಜೇಬಿಗೆ ಭಾರವಾದದ್ದು ಒಂದು ಕಾಲೇಜಿಗೆ ಅಷ್ಟು ಭಾರವಾಗಲಾರದು.

ಹೋದವರು ಬಂದು ಈ ಸಂಚಿಕೆಯಲ್ಲಿಯೇ ಬರೆಯಲಿ. ರಾತ್ರಿ ಕೋಶಿಯ ದಡದಲ್ಲಿ ಚಕ್ರವಾಕಗಳು ನಿಜವಾಗಿಯೂ ಆಚೆ ಈಚೆ ನಿಂತು ಕೂಗುತ್ತವೆಯೋ, ಅಥವಾ ಅದು ಬರೀ ಕವಿಗಳ ಮಾತೋ ಎಂಬುದನ್ನು ಮರೆಯದೆ ತಿಳಿಸಲಿ. ನನ್ನ ನೋಟುಬುಕ್ಕಿನಲ್ಲಿ ಅದರ ಪಕ್ಕ ಇನ್ನೂ ಪ್ರಶ್ನೆಯ ಚಿಹ್ನೆ ಇದೆ.